ಸರ್ವಬಾಧಾ ಪರಿಹಾರ: ದತ್ತಿಶಾಸನದಿಂದ ಫೆಲೋಶಿಪ್‌ವರೆಗೆ

ಸಾಕ್ಷ್ಯಚಿತ್ರವೊಂದು ಮುಗಿದ ಮೇಲೆ ಪರದೆಯ ಮೇಲೆ ಹೆಸರುಗಳು ಓಡುತ್ತವೆ. ಕ್ಯಾಮೆರಾ ಯಾರು, ಸಂಕಲನ ಯಾರು, ಧ್ವನಿ ಯಾರು ಎಂಬುದೆಲ್ಲ ಆದ ಮೇಲೆ ಕೊನೆಗೆ 'ಇಂಥವರ ನೆರವಿನಿಂದ' ಎಂಬ ಒಂದು ಸಾಲು ಬರುತ್ತದೆ. ಆ ಹೊತ್ತಿಗೆ ಅರ್ಧ ಜನ ಎದ್ದು ಬಾಗಿಲ ಹತ್ತಿರ ಹೋಗಿರುತ್ತಾರೆ. ಸ್ವತಂತ್ರವಾಗಿ ಬರೆಯುವವರಿಗೆ, ಚಿತ್ರ ತೆಗೆಯುವವರಿಗೆ ನಮ್ಮ ಭಾಗದಲ್ಲಿ ಯಾರು ಹಣ ಕೊಟ್ಟರು ಎಂಬುದನ್ನೇ ಪಿಎಚ್.ಡಿ. ವಿಷಯ ಮಾಡಿಕೊಂಡಿರುವ ನನಗೆ ಮಾತ್ರ ಆ ಸಾಲು ಬಹಳ ಮುಖ್ಯ. ಅದು ಚಿಕ್ಕದೊಂದು ಶಾಸನ. ಕೊಟ್ಟವರು ಯಾರು, ಪಡೆದವರು ಯಾರು, ಯಾತಕ್ಕಾಗಿ ಕೊಟ್ಟರು ಎಂಬುದಷ್ಟೂ ಅದರಲ್ಲಿರುತ್ತದೆ. ಯಾವ ಷರತ್ತಿನ ಮೇಲೆ ಎಂಬುದೊಂದು ಮಾತ್ರ ಇರುವುದಿಲ್ಲ.

ಹಳೆಯ ದತ್ತಿಶಾಸನಗಳು ಷರತ್ತನ್ನೂ ಹೇಳುತ್ತಿದ್ದವು. ನಾನು ಶಿಗ್ಗಾಂವ ತಾಲೂಕಿನವನು. ಬಂಕಾಪುರ, ಹಾನಗಲ್ಲು, ಸವಣೂರು, ಹಿರೇಕೆರೂರು ಎಲ್ಲವೂ ಬಸ್ಸಿನಲ್ಲಿ ಬೆಳಿಗ್ಗೆ ಹೋಗಿ ಸಂಜೆ ಬರಬಹುದಾದ ಊರುಗಳು. ಈ ಸೀಮೆಯಲ್ಲಿ ಕಲ್ಲಿಗೆ ಬರವಿಲ್ಲ, ಬರಹಕ್ಕೂ ಬರವಿಲ್ಲ. ಬಂಕಾಪುರದ ಶಾಸನಗಳನ್ನು ಜೆ.ಎಫ್. ಫ್ಲೀಟ್ 19ನೇ ಶತಮಾನದಲ್ಲೇ ಓದಿ ಪ್ರಕಟಿಸಿದ್ದ. ದತ್ತಿಶಾಸನದ ಕ್ರಮ ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ: ಆಳುವ ಅರಸ, ಕಾಲ, ಕೊಟ್ಟವನು, ಪಡೆದವನು, ಭೂಮಿಯ ಎಲ್ಲೆ, ಉದ್ದೇಶ, ಕೊನೆಗೆ ಇದನ್ನು ಕೆಡಿಸಿದವನಿಗೆ ತಟ್ಟುವ ಪಾಪ. ಇವುಗಳ ನಡುವೆ ಅನೇಕ ಶಾಸನಗಳಲ್ಲಿ 'ಸರ್ವಬಾಧಾ ಪರಿಹಾರ' ಎಂಬ ಮಾತು ಸಿಗುತ್ತದೆ. ಕೊಟ್ಟ ಭೂಮಿಯೊಳಕ್ಕೆ ತೆರಿಗೆ ಕೇಳುವ ಅಧಿಕಾರಿ ಕಾಲಿಡುವಂತಿಲ್ಲ, ಯಾವ ಕಾಟವೂ ಇರಕೂಡದು ಎಂದು ಅದರ ಅರ್ಥ. ಕೊಡುವುದು ಬೇರೆ, ಕೊಟ್ಟ ಮೇಲೆ ಕೈ ಹಾಕದೆ ಬಿಡುವುದು ಬೇರೆ ಎಂದು ಆ ಕಾಲದವರಿಗೆ ಗೊತ್ತಿತ್ತು. ಇವತ್ತಿನ ಫೆಲೋಶಿಪ್, ಅನುದಾನ, ಸಬ್ಸಿಡಿಗಳನ್ನು ಈ ಒಂದು ಮಾತಿನಿಂದ ಅಳೆದರೆ ಏನು ಕಾಣುತ್ತದೆ ಎಂಬುದು ಈ ಬರಹದ ವಿಷಯ.

ಬಂಕಾಪುರದ ಪಾಠ

ರಾಷ್ಟ್ರಕೂಟ ಅಮೋಘವರ್ಷನ ದಂಡನಾಯಕ ಬಂಕೆಯನಿಂದ ಬಂಕಾಪುರಕ್ಕೆ ಹೆಸರು ಬಂತು. ಅವನ ಮಗ ಲೋಕಾದಿತ್ಯ ಇಲ್ಲಿಂದ ಆಳುತ್ತಿದ್ದಾಗ, ಕ್ರಿ.ಶ. 898ರಲ್ಲಿ, ಗುಣಭದ್ರನ ಉತ್ತರಪುರಾಣ ಇಲ್ಲಿ ಪೂಜೆಗೊಂಡಿತು. ಅದೇ ಗ್ರಂಥದ ಪ್ರಶಸ್ತಿಯಲ್ಲಿ ಈ ವಿವರ ಇದೆ. ಇವತ್ತಿನ ಭಾಷೆಯಲ್ಲಿ ಹೇಳಬೇಕೆಂದರೆ ಅದೊಂದು ಬಿಡುಗಡೆ ಸಮಾರಂಭ, ಪ್ರಶಸ್ತಿ ಭಾಗವೇ ಕೊನೆಯ ಹೆಸರುಪಟ್ಟಿ. ಹತ್ತನೆಯ ಶತಮಾನದಲ್ಲೂ ಬಂಕಾಪುರ ಜೈನ ವಿದ್ಯೆಯ ದೊಡ್ಡ ಕೇಂದ್ರವಾಗಿತ್ತು. ಗಂಗ ದೊರೆ ಮಾರಸಿಂಹ ರಾಜ್ಯ ಬಿಟ್ಟು ಸಲ್ಲೇಖನ ವ್ರತ ಹಿಡಿದು ಪ್ರಾಣಬಿಟ್ಟದ್ದು ಇಲ್ಲೇ, ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ. ರನ್ನನ ಗುರುವೂ ಅದೇ ಅಜಿತಸೇನರು.

ಆದರೆ ಆ ಕಾಲದ ಆಶ್ರಯಕ್ಕೆ ಬೆಲೆ ಇತ್ತು. ಪಂಪ 941ರಲ್ಲಿ ವಿಕ್ರಮಾರ್ಜುನ ವಿಜಯ ಬರೆದಾಗ ಅರ್ಜುನನ ಜಾಗದಲ್ಲಿ ಅರಿಕೇಸರಿಯನ್ನು ಇಟ್ಟ. ಅವನಿಗೆ ಧರ್ಮವುರ ಎಂಬ ಅಗ್ರಹಾರ ಸಿಕ್ಕಿತು. ರನ್ನ ತನ್ನ ಒಡೆಯ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿದ. ಕನ್ನಡದ ಇಬ್ಬರು ಮಹಾಕವಿಗಳ ಇಬ್ಬರು ನಾಯಕರೂ ದಾತಾರರ ಮುಖವಾಡ ಹಾಕಿಕೊಂಡೇ ಬಂದವರು. ಇದನ್ನು ಕೀಳಾಗಿ ನೋಡಬೇಕಿಲ್ಲ. ಅದೇ ಪಂಪ ಅದೇ ಕಾಲದಲ್ಲಿ ಆದಿಪುರಾಣವನ್ನೂ ಬರೆದ. ಒಂದು ಲೌಕಿಕ, ಇನ್ನೊಂದು ಆಗಮಿಕ. ಒಂದು ಕೃತಿಯಲ್ಲಿ ಆಶ್ರಯದ ಋಣ ತೀರಿಸಿ ಇನ್ನೊಂದರಲ್ಲಿ ತನ್ನ ಶ್ರದ್ಧೆಯ ಕೆಲಸ ಮಾಡುವ ಈ ಲೆಕ್ಕಾಚಾರ ಇವತ್ತಿಗೂ ನಡೆಯುತ್ತಿದೆ. ಹಗಲು ಸಂಸ್ಥೆಗಳ ಪ್ರಚಾರ ಚಿತ್ರ ಮಾಡಿಕೊಟ್ಟು, ಆ ದುಡ್ಡಿನಲ್ಲಿ ತಮ್ಮ ಸಾಕ್ಷ್ಯಚಿತ್ರಕ್ಕೆ ಬಾಡಿಗೆ ಕ್ಯಾಮೆರಾ ತರುವ ಹುಡುಗರು ನನಗೆ ಗೊತ್ತು. ಅವರು ಪಂಪನ ದಾರಿಯಲ್ಲೇ ಇದ್ದಾರೆ.

ಆ ಕಾಲದ ದಾತಾರರಲ್ಲಿ ನನಗೆ ಎಲ್ಲರಿಗಿಂತ ದೊಡ್ಡವಳಾಗಿ ಕಾಣುವವಳು ಅತ್ತಿಮಬ್ಬೆ. ರನ್ನನಿಂದ ಅಜಿತಪುರಾಣ ಬರೆಸಿದವಳು ಎಂದು ಶಾಲೆಯಲ್ಲಿ ಓದಿರುತ್ತೇವೆ. ಅವಳು ಮಾಡಿದ ಇನ್ನೊಂದು ಕೆಲಸ ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಸಿ ಹಂಚಿದ್ದು. ಆಗ ಪೊನ್ನನ ಕೃತಿ ಹೊಸದಲ್ಲ, ಅದು ಅವಳ ಆಸ್ಥಾನದ ಕೃತಿಯೂ ಅಲ್ಲ. ಬರೆದದ್ದು ಓದುವವರಿಗೆ ಮುಟ್ಟದಿದ್ದರೆ ಬರೆದೂ ಫಲವಿಲ್ಲ ಎಂದು ಲೆಕ್ಕ ಹಾಕಿ, ಹಂಚಿಕೆಗಾಗಿಯೇ ಹಣ ಕೊಟ್ಟವಳು ಅವಳು. ಇವತ್ತು ಚಿತ್ರ ಮಾಡಲು ಹಣ ಕೊಡುವ ಸಂಸ್ಥೆಗಳನ್ನು ಬೆರಳೆಣಿಸಿ ಹೇಳಬಹುದು. ಮಾಡಿದ ಚಿತ್ರವನ್ನು ಹಾನಗಲ್ಲಿನ ಕಾಲೇಜಿಗೂ ಹಿರೇಕೆರೂರಿನ ಹೈಸ್ಕೂಲಿಗೂ ಮುಟ್ಟಿಸಲು ಹಣ ಕೊಡುವವರನ್ನು ಎಣಿಸಲು ಬೆರಳು ಬೇಕಾಗುವುದೇ ಅಪರೂಪ.

ಚಂದಾ ಎಂಬ ಸಣ್ಣ ದತ್ತಿ

ಅರಸರು ಹೋದ ಮೇಲೆ ನಮ್ಮ ಸೀಮೆಯ ಬರಹಗಾರರಿಗೆ ಹೊಸ ಆಶ್ರಯದಾತ ಸಿಕ್ಕ. ಅವನೇ ಓದುಗ. 1890ರ ಜುಲೈ 20ರಂದು ಧಾರವಾಡದಲ್ಲಿ ರಾ.ಹ. ದೇಶಪಾಂಡೆಯವರ ಮುಂದಾಳತ್ವದಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘ ಒಳ್ಳೆಯ ಕನ್ನಡ ಪುಸ್ತಕಗಳಿಗೆ ಬಹುಮಾನ ಕೊಡುವ ಕ್ರಮ ಇಟ್ಟುಕೊಂಡಿತ್ತು. ಮರಾಠಿಯೇ ಶಾಲೆ-ಕಚೇರಿಗಳ ಭಾಷೆಯಾಗಿದ್ದ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಆ ಬಹುಮಾನದ ಹಣಕ್ಕಿಂತ, ಕನ್ನಡದಲ್ಲಿ ಬರೆದರೆ ಕೇಳುವವರಿದ್ದಾರೆ ಎಂಬ ಭರವಸೆಯೇ ದೊಡ್ಡದಾಗಿತ್ತು. ಹಿರೇಕೆರೂರು ತಾಲೂಕಿನ ಸಾತೇನಹಳ್ಳಿಯಲ್ಲಿ 1856ರಲ್ಲಿ ಹುಟ್ಟಿದ ಶಾಂತಕವಿಗಳು (ಸಕ್ಕರಿ ಬಾಳಾಚಾರ್ಯರು) ಶಾಲಾ ಮಾಸ್ತರಿಕೆ ಮಾಡುತ್ತಲೇ ಕನ್ನಡ ನಾಟಕ ಬರೆದು, 1870ರ ದಶಕದಲ್ಲಿ ಗದುಗಿನಲ್ಲಿ ಮಂಡಳಿ ಕಟ್ಟಿ ಆಡಿಸಿದರು. ಸಂಬಳದ ನೌಕರಿಯೇ ಅವರ ಫೆಲೋಶಿಪ್.

ಹಾವೇರಿ ತಾಲೂಕಿನ ಗಳಗನಾಥದ ವೆಂಕಟೇಶ ತಿರಕೋ ಕುಲಕರ್ಣಿ, ಅಂದರೆ ಗಳಗನಾಥರು (1869-1942), ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅವರೂ ಮಾಸ್ತರರೇ. ನೌಕರಿ ಬಿಟ್ಟು, 1907ರಲ್ಲಿ ಅಗಡಿಯ ಆನಂದವನದಿಂದ ಹೊರಟ 'ಸದ್ಬೋಧ ಚಂದ್ರಿಕೆ' ಮಾಸಪತ್ರಿಕೆಯ ಸಂಪಾದಕರಾದರು. ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಈ ಕಥೆಯನ್ನು ನಾವು 'ಪಾಪ, ಎಷ್ಟು ಕಷ್ಟಪಟ್ಟರು' ಎಂಬ ಧಾಟಿಯಲ್ಲೇ ಹೇಳುತ್ತ ಬಂದಿದ್ದೇವೆ. ನಾನು ಅದನ್ನು ಬೇರೆ ರೀತಿ ಓದುತ್ತೇನೆ. ಒಬ್ಬ ಅರಸನ ಅಗ್ರಹಾರಕ್ಕೆ ಬದಲಾಗಿ ಸಾವಿರ ಮನೆಗಳ ಆಣೆ-ಪಾವಲಿ. ಯಾರೊಬ್ಬರೂ ಅರ್ಜುನನಾಗಬೇಕು ಎಂದು ಕೇಳುವಷ್ಟು ಕೊಡುವುದಿಲ್ಲ, ಆದ್ದರಿಂದ ಬರೆಯುವವನ ಕೈ ಕಟ್ಟಿಹಾಕಲು ಯಾರಿಂದಲೂ ಆಗುವುದಿಲ್ಲ. ಹಣ ಸಣ್ಣದು, ಬಾಧೆಯೂ ಸಣ್ಣದು.

ಈ ದಾರಿಯಲ್ಲಿ ನಮ್ಮ ಸೀಮೆಯವರು ಮುಂದೆಯೂ ನಡೆದರು. ಹಾವೇರಿ ತಾಲೂಕಿನ ಕುರಬಗೊಂಡದ ಪಾಟೀಲ ಪುಟ್ಟಪ್ಪನವರು 1954ರಲ್ಲಿ 'ಪ್ರಪಂಚ' ವಾರಪತ್ರಿಕೆ ಆರಂಭಿಸಿದರು. ಸವಣೂರು ತಾಲೂಕಿನ ಹತ್ತಿಮತ್ತೂರಿನ ಚಂದ್ರಶೇಖರ ಪಾಟೀಲರು 1964ರಲ್ಲಿ ಸಿದ್ಧಲಿಂಗ ಪಟ್ಟಣಶೆಟ್ಟಿ, ಗಿರಡ್ಡಿ ಗೋವಿಂದರಾಜರ ಜೊತೆ ಧಾರವಾಡದಲ್ಲಿ 'ಸಂಕ್ರಮಣ' ತೆಗೆದರು. ಮುಂದೆ ಅದನ್ನು ಚಂಪಾ ದಶಕಗಟ್ಟಲೆ ಚಂದಾದಾರರನ್ನು ನೆಚ್ಚಿಕೊಂಡು ನಡೆಸಿದರು. ತುರ್ತು ಪರಿಸ್ಥಿತಿಯಲ್ಲಿ ಸೆರೆಮನೆಗೂ ಹೋಗಿ ಬಂದರು. 1980ರಲ್ಲಿ ಪಿ. ಲಂಕೇಶ್ ಬೆಂಗಳೂರಿನಲ್ಲಿ 'ಲಂಕೇಶ್ ಪತ್ರಿಕೆ' ಆರಂಭಿಸಿದಾಗ ಜಾಹೀರಾತನ್ನೇ ಬೇಡವೆಂದರು. ಪತ್ರಿಕೆಯ ಬೆಲೆಯೇ ಪತ್ರಿಕೆಯ ಬಂಡವಾಳ. ಮುಖ್ಯಮಂತ್ರಿಗಳನ್ನೇ ಎದುರುಹಾಕಿಕೊಳ್ಳುವ ಧೈರ್ಯದ ಹಿಂದೆ ಈ ಲೆಕ್ಕವೂ ಇತ್ತು.

ಸಿನಿಮಾದಲ್ಲಿ ಇದೇ ಪ್ರಯೋಗ ತಡವಾಗಿ ಬಂತು. ಶ್ಯಾಮ್ ಬೆನೆಗಲ್ ಅವರ 'ಮಂಥನ್' (1976) ಚಿತ್ರಕ್ಕೆ ಗುಜರಾತಿನ 5 ಲಕ್ಷ ಹೈನು ರೈತರು ತಲಾ 2 ರೂಪಾಯಿ ಕೊಟ್ಟರು. ಕನ್ನಡದಲ್ಲಿ ಪವನ್ ಕುಮಾರ್ ಅವರ 'ಲೂಸಿಯಾ' (2013) ಚಿತ್ರಕ್ಕೆ ಸುಮಾರು 110 ಜನ ಸೇರಿ 27 ದಿನಗಳಲ್ಲಿ 51 ಲಕ್ಷ ರೂಪಾಯಿ ಕೂಡಿಸಿಕೊಟ್ಟರು. ಆದರೆ ಚಂದಾ ದಾರಿಗೂ ಒಂದು ಮಿತಿ ಇದೆ. ಅದು ಈಗಾಗಲೇ ಓದುಗರನ್ನು, ನೋಡುಗರನ್ನು ಗಳಿಸಿಕೊಂಡವರಿಗೆ ಒದಗುತ್ತದೆ. ಮೊದಲ ಚಿತ್ರ ಮಾಡುವವನಿಗೆ, ಯಾರಿಗೂ ಬೇಡವಾದ ವಿಷಯ ಹಿಡಿದವಳಿಗೆ ಅದು ಸುಲಭಕ್ಕೆ ಒದಗುವುದಿಲ್ಲ. ಅಲ್ಲಿ ಬೇರೆ ಯಾರಾದರೂ ಬೇಕಾಗುತ್ತದೆ.

ಸರ್ಕಾರದ ಹಣ

ಸರ್ಕಾರ ಸಿನಿಮಾಕ್ಕೆ ಹಣ ಕೊಟ್ಟದ್ದರ ಅತ್ಯಂತ ತಮಾಷೆಯ ಉದಾಹರಣೆ 'ಪಥೇರ್ ಪಾಂಚಾಲಿ' (1955). ಪಶ್ಚಿಮ ಬಂಗಾಳ ಸರ್ಕಾರ ಆ ಹಣವನ್ನು ರಸ್ತೆ ಅಭಿವೃದ್ಧಿಯ ಲೆಕ್ಕದಲ್ಲಿ ತೋರಿಸಿತು. ಹೆಸರಿನಲ್ಲಿ ಹೇಗೂ 'ದಾರಿಯ ಹಾಡು' ಇತ್ತಲ್ಲ! ಅದಕ್ಕಾಗಿಯೇ ಒಂದು ಖಾತೆ ತೆರೆಯಲು ದೇಶಕ್ಕೆ ಇನ್ನೂ ಐದು ವರ್ಷ ಬೇಕಾಯಿತು. ಎಸ್.ಕೆ. ಪಾಟೀಲ್ ಸಮಿತಿ 1951ರಲ್ಲೇ ಶಿಫಾರಸು ಮಾಡಿದ್ದ ಫಿಲಂ ಫೈನಾನ್ಸ್ ಕಾರ್ಪೊರೇಷನ್ 1960ರಲ್ಲಿ ಬಂತು. ಅದು ಕೊಟ್ಟದ್ದು ಅನುದಾನವಲ್ಲ, ಸಾಲ. ಆದರೂ 1960ರ ದಶಕದ ಕೊನೆಗೆ ಅದು ಕಡಿಮೆ ಖರ್ಚಿನ ಪ್ರಯೋಗಶೀಲ ಚಿತ್ರಗಳತ್ತ ತಿರುಗಿದಾಗ ಹೊಸ ಅಲೆಯೊಂದು ಎದ್ದಿತು.

ಮೈಸೂರಿನಲ್ಲಿ ಹುಟ್ಟಿದ ಎಂ.ಎಸ್. ಸತ್ಯು ಅವರ 'ಗರಂ ಹವಾ' ಈ ಕಥೆಗೆ ಬಹಳ ಹತ್ತಿರದ್ದು. ಕಾರ್ಪೊರೇಷನ್ ಕೊಟ್ಟದ್ದು 2.5 ಲಕ್ಷ ರೂಪಾಯಿ, ಮಿಕ್ಕಿದ್ದನ್ನು ಅವರು ಸಾಲ ಮಾಡಿದರು. ದೇಶವಿಭಜನೆಯ ನಂತರ ಆಗ್ರಾದ ಮುಸ್ಲಿಂ ಕುಟುಂಬವೊಂದು ಪಟ್ಟ ಪಾಡಿನ ಚಿತ್ರ ಅದು. ಸರ್ಕಾರದ ಒಂದು ಕೈ ಹಣ ಕೊಟ್ಟಿತ್ತು, ಇನ್ನೊಂದು ಕೈ ಸೆನ್ಸಾರಿನಲ್ಲಿ ತಿಂಗಳುಗಟ್ಟಲೆ ತಡೆದು ಹಿಡಿಯಿತು. ಬಿಡುಗಡೆಯಾದ ಮೇಲೆ ಅದೇ ಸರ್ಕಾರ ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿಯನ್ನೂ ಕೊಟ್ಟಿತು. ಕೊಡುವ ಕೈ ಯಾವತ್ತೂ ಒಂದೇ ಅಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಡ. ಅದೇ ಭಾವೈಕ್ಯದ ಪ್ರಶಸ್ತಿ ಮುಂದೆ ನಮ್ಮ ತಾಲೂಕಿಗೂ ಬಂತು. ಟಿ.ಎಸ್. ನಾಗಾಭರಣರ 'ಸಂತ ಶಿಶುನಾಳ ಶರೀಫ' (1990) ನೋಡಿದವರಿಗೆ ಶರೀಫರಾಗಿ ಶ್ರೀಧರ್, ಗೋವಿಂದಭಟ್ಟರಾಗಿ ಗಿರೀಶ ಕಾರ್ನಾಡರು, ಸಿ. ಅಶ್ವತ್ಥರ ಸಂಗೀತ ಎಲ್ಲ ನೆನಪಿರುತ್ತದೆ. ಶಿಗ್ಗಾಂವ ತಾಲೂಕಿನ ಇನ್ನೊಬ್ಬ ಸಂತ, ಬಾಡದ ಕನಕದಾಸರ ಬಗ್ಗೆ ಕಾರ್ನಾಡರೇ 1988ರಲ್ಲಿ 'ಕನಕ ಪುರಂದರ' ಎಂಬ ಸಾಕ್ಷ್ಯಚಿತ್ರ ಮಾಡಿದರು. ಅದಕ್ಕೂ ರಾಷ್ಟ್ರಪ್ರಶಸ್ತಿ ಬಂತು. ನಮ್ಮ ತಾಲೂಕಿನ ಕಥೆಗೆ ದೇಶದ ಮಟ್ಟದಲ್ಲಿ ಬೆಲೆ ಇದೆ ಎಂಬುದು ಹೀಗೆ ಎರಡು ಸಲ ಸಾಬೀತಾಗಿದೆ. ಅದನ್ನು ಇಲ್ಲಿನವರೇ ಹೇಳುವಂತೆ ಮಾಡುವ ಹಣ ಮಾತ್ರ ಇನ್ನೂ ಬಂದಿಲ್ಲ.

ಕನ್ನಡ ಚಿತ್ರಗಳಿಗೆ ರಾಜ್ಯದ ಸಹಾಯಧನ 1960ರ ದಶಕದ ಉತ್ತರಾರ್ಧದಿಂದಲೇ ಇದೆ. ಮದ್ರಾಸಿನಲ್ಲಿ ಬೀಡುಬಿಟ್ಟಿದ್ದ ಕನ್ನಡ ಚಿತ್ರೋದ್ಯಮವನ್ನು ಮೈಸೂರು ರಾಜ್ಯದೊಳಕ್ಕೆ ಕರೆತರುವುದು ಅದರ ಮೊದಲ ಉದ್ದೇಶವಾಗಿತ್ತು. ಆ ಕೆಲಸವನ್ನು ಅದು ಮಾಡಿತು. ಎಪ್ಪತ್ತರ ದಶಕದ ಹೊಸ ಅಲೆಯ ನಿರ್ಮಾಪಕರಿಗೂ ಅದರಿಂದ ಉಸಿರು ಸಿಕ್ಕಿತು. ಆದರೆ ಸಹಾಯಧನದ ಸ್ವಭಾವ ನೋಡಿ: ಚಿತ್ರ ಮುಗಿಯಬೇಕು, ಪ್ರಮಾಣಪತ್ರ ಸಿಗಬೇಕು, ಸಮಿತಿ ನೋಡಬೇಕು, ಆಮೇಲೆ ಹಣ. ಅಂದರೆ ಮೊದಲು ಸಾಲ ಎತ್ತುವ ಶಕ್ತಿ ಇದ್ದವರಿಗೆ ಮಾತ್ರ ಅದು ಸಹಾಯ. ಬಿತ್ತನೆಗೆ ಬೀಜ ಕೇಳಿದವನಿಗೆ ಸುಗ್ಗಿಯಲ್ಲಿ ಬಾ ಎಂದಂತೆ.

ಫೆಲೋಶಿಪ್ ಕೊಳ್ಳುವುದು ಸಮಯವನ್ನು

ಫೆಲೋಶಿಪ್ ಇವೆಲ್ಲಕ್ಕಿಂತ ಬೇರೆ. ಕನ್ನಡದಲ್ಲಿ ಅದಕ್ಕೆ ನಾವು 'ಶಿಷ್ಯವೇತನ' ಎನ್ನುತ್ತೇವೆ. ಹಿತವಾದ ಪದ, ಆದರೆ ಅರ್ಧ ಸತ್ಯ. ಮಾಡಿದ ಕೆಲಸಕ್ಕೆ ಕೊಡುವುದು ವೇತನ. ಫೆಲೋಶಿಪ್ ಇನ್ನೂ ಮಾಡದ ಕೆಲಸದ ಮೇಲೆ ಇಡುವ ನಂಬಿಕೆ. ಅದು ಕೊಳ್ಳುವುದು ಸಮಯವನ್ನು.

ಗಿರೀಶ ಕಾರ್ನಾಡರು ಮದ್ರಾಸಿನ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನ ಕೆಲಸ ಬಿಟ್ಟಾಗ ಕೈಹಿಡಿದದ್ದು ಹೋಮಿ ಭಾಭಾ ಫೆಲೋಶಿಪ್ (1970-72). ಆ ವರ್ಷಗಳ ಆಸುಪಾಸಿನಲ್ಲೇ 'ಹಯವದನ' ಪ್ರಕಟವಾಯಿತು, ಬಿ.ವಿ. ಕಾರಂತರ ಜೊತೆ ನಿರ್ದೇಶಿಸಿದ 'ವಂಶವೃಕ್ಷ' ತೆರೆಗೆ ಬಂತು. ಧಾರವಾಡದ ಬೇಂದ್ರೆಯವರ ಮೇಲಿನ ಸಾಕ್ಷ್ಯಚಿತ್ರವೂ ಅದೇ ಹೊತ್ತಿನದು. ಒಬ್ಬ ಮನುಷ್ಯನಿಗೆ ಎರಡು ವರ್ಷ ಬಾಡಿಗೆಯ ಚಿಂತೆ ತಪ್ಪಿಸಿದರೆ ಏನೇನಾಗಬಹುದು ಎಂಬುದಕ್ಕೆ ಈ ಪಟ್ಟಿ ಸಾಕು.

ಪತ್ರಿಕೋದ್ಯಮದಲ್ಲಿ ಇದಕ್ಕೆ ಸಮನಾದ ಕಥೆ ಪಿ. ಸಾಯಿನಾಥರದು. 1993ರಲ್ಲಿ ಟೈಮ್ಸ್ ಆಫ್ ಇಂಡಿಯಾ ಫೆಲೋಶಿಪ್ ಪಡೆದು ಅವರು ಐದು ರಾಜ್ಯಗಳ ಅತಿ ಬಡ ಜಿಲ್ಲೆಗಳಲ್ಲಿ ತಿರುಗಿದರು. ಆ ವರದಿಗಳು 1996ರಲ್ಲಿ ಪುಸ್ತಕವಾದವು. ಜಿ.ಎನ್. ಮೋಹನ್ ಅವರ ಅನುವಾದದಲ್ಲಿ ಅದು ಕನ್ನಡಕ್ಕೆ 'ಬರ ಅಂದ್ರೆ ಎಲ್ಲರಿಗೂ ಇಷ್ಟ' ಎಂದು ಬಂತು. ದಿನಪತ್ರಿಕೆಯೊಂದು ವರದಿಗಾರನನ್ನು ಒಂದು ಹಳ್ಳಿಯಲ್ಲಿ ವಾರಗಟ್ಟಲೆ ಬಿಡುವುದಿಲ್ಲ. ಸಂಜೆ ಐದಕ್ಕೆ ಸುದ್ದಿ ಬೇಕು. ಬರ ಮಾತ್ರ ಸಂಜೆ ಐದಕ್ಕೆ ಮುಗಿಯುವುದಿಲ್ಲ. 1995ರಿಂದ ನ್ಯಾಷನಲ್ ಫೌಂಡೇಷನ್ ಫಾರ್ ಇಂಡಿಯಾ ಪತ್ರಕರ್ತರಿಗೆ ಫೆಲೋಶಿಪ್ ಕೊಡಲು ಆರಂಭಿಸಿದ್ದು ಇದೇ ಕೊರತೆ ತುಂಬಲು. ಸಾಯಿನಾಥರೇ 2014ರಲ್ಲಿ 'ಪರಿ' (ಪೀಪಲ್ಸ್ ಆರ್ಕೈವ್ ಆಫ್ ರೂರಲ್ ಇಂಡಿಯಾ) ಕಟ್ಟಿ, ಅಲ್ಲಿಂದ ಫೆಲೋಶಿಪ್ ಕೊಡತೊಡಗಿದರು.

ಆ 'ಪರಿ' ಫೆಲೋಶಿಪ್ ನಮ್ಮ ಜಿಲ್ಲೆಗೂ ಬಂದಿದೆ. 2020ರ ಫೆಲೋ ಎಸ್. ಸೆಂದಳಿರ್ ಹಾವೇರಿ ಜಿಲ್ಲೆಯಲ್ಲಿ ಹೈಬ್ರಿಡ್ ಬೀಜೋತ್ಪಾದನೆಗೆ ಕೈಯಿಂದಲೇ ಪರಾಗಸ್ಪರ್ಶ ಮಾಡುವ ಹೆಣ್ಣುಮಕ್ಕಳ ಬಗ್ಗೆ ಬರೆದರು. ರಾಣೆಬೆನ್ನೂರು ಕಡೆಯ ಬೀಜದ ವ್ಯಾಪಾರ ನಮಗೆಲ್ಲ ಗೊತ್ತಿರುವಂಥದ್ದೇ. ಬೆಂಡೆ, ಟೊಮೆಟೊ ಹೊಲಗಳ ಪಕ್ಕದಲ್ಲಿ ನಾವು ದಿನವೂ ಬಸ್ಸಿನಲ್ಲಿ ಹಾದು ಹೋಗಿದ್ದೇವೆ. ಒಂದೊಂದು ಹೂವನ್ನು ಬೆರಳಿನಿಂದ ಬಿಡಿಸಿ ಪರಾಗ ಹಚ್ಚುವ ಆ ಕೆಲಸದ ಕೂಲಿ ಎಷ್ಟು, ಬೀಜ ಪರೀಕ್ಷೆಯಲ್ಲಿ ಫೇಲಾದರೆ ನಷ್ಟ ಯಾರ ತಲೆಯ ಮೇಲೆ ಬೀಳುತ್ತದೆ ಎಂದು ಕೂತು ಕೇಳುವ ಪುರುಸೊತ್ತು ಯಾರಿಗಿತ್ತು? ಆ ಪುರುಸೊತ್ತಿಗೆ ಯಾರೋ ಹಣ ಕೊಟ್ಟಿದ್ದರು.

ಹೊರಗಿನ ಹಣ, ಒಳಗಿನ ಪ್ರಶ್ನೆ

ಯಾರ ಹಣ ಎಂಬ ಪ್ರಶ್ನೆ ಇಲ್ಲಿ ಏಳಲೇಬೇಕು. ಹೆಗ್ಗೋಡಿನ ನೀನಾಸಂ 1973ರಲ್ಲಿ ಚಿತ್ರಸಮಾಜ ಕಟ್ಟಿತು. 1980ರ ದಶಕದ ಮೊದಲ ಭಾಗದಲ್ಲಿ ಫೋರ್ಡ್ ಫೌಂಡೇಷನ್ ನೆರವಿನಿಂದ 'ಜನಸ್ಪಂದನ' ಯೋಜನೆ ಹಾಕಿಕೊಂಡು ರಾಜ್ಯದ ಹಳ್ಳಿಗಳಿಗೆ ನಾಟಕ, ಸಿನಿಮಾಗಳನ್ನು ಒಯ್ದಿತು. ಅಮೆರಿಕದ ಮೋಟಾರು ಕಂಪನಿಯ ಹಣದಲ್ಲಿ ಕನ್ನಡದ ಹಳ್ಳಿಯ ಸಂಸ್ಕೃತಿಯೇ ಎಂಬ ಪ್ರಶ್ನೆ ಆಗಲೇ ಎದ್ದಿತ್ತು. ಕೇಳಬೇಕಾದ ಪ್ರಶ್ನೆಯೇ. ಆದರೆ ಅತ್ತಿಮಬ್ಬೆಯ ಮಾನದಂಡದಿಂದ ನೋಡಿದರೆ ಅದು ಕನ್ನಡದಲ್ಲಿ ಸಿನಿಮಾ ಹಂಚಿಕೆಗೆ ಸಂದ ಅಪರೂಪದ ಹಣ. ಜಗತ್ತಿನ ಒಳ್ಳೆಯ ಚಿತ್ರಗಳು ಹಳ್ಳಿಯವರಿಗೆ ಅರ್ಥವಾಗುವುದಿಲ್ಲ ಎಂಬ ಪೇಟೆಯವರ ನಂಬಿಕೆಯನ್ನು ಕೆ.ವಿ. ಸುಬ್ಬಣ್ಣ ಮುರಿದರು.

ಇನ್ನೊಂದು ತುದಿಯಲ್ಲಿ 'ಯುಗಾಂತರ್' ಇದೆ. 1980ರಲ್ಲಿ ಬೆಂಗಳೂರಿನಲ್ಲಿ ದೀಪಾ ಧನರಾಜ್, ಆಭಾ ಭಯ್ಯಾ, ಮೀರಾ ರಾವ್, ನವ್ರೋಜ್ ಕಾಂಟ್ರಾಕ್ಟರ್ ಕಟ್ಟಿದ ಈ ತಂಡ ನಿಪ್ಪಾಣಿಯ ತಂಬಾಕು ಕಾರ್ಖಾನೆಯ ಹೆಣ್ಣುಮಕ್ಕಳ ಹೋರಾಟದ ಬಗ್ಗೆ ಅವರ ಜೊತೆಗೂಡಿಯೇ 1982ರಲ್ಲಿ ಚಿತ್ರ ಮಾಡಿತು. ಅಲ್ಲಿ ಕಾರ್ಮಿಕರು ಚಿತ್ರದ ವಿಷಯ ಮಾತ್ರ ಆಗಿರಲಿಲ್ಲ, ಅದನ್ನು ರೂಪಿಸುವವರೂ ಆಗಿದ್ದರು. ಹಣದ ಒಡೆತನದಷ್ಟೇ ಕಥೆಯ ಒಡೆತನವೂ ಮುಖ್ಯ ಎಂದು ಅವರು ತೋರಿಸಿದರು.

ದೇಶದೊಳಗೆ ಸಂಸ್ಥೆಗಳು ಬಂದವು. ಬೆಂಗಳೂರಿನ ಇಂಡಿಯಾ ಫೌಂಡೇಷನ್ ಫಾರ್ ದಿ ಆರ್ಟ್ಸ್ 1993ರಲ್ಲಿ ಹುಟ್ಟಿ 1995ರಿಂದ ಅನುದಾನ ಕೊಡುತ್ತಿದೆ. ಅದರ 'ಕಲಿ-ಕಲಿಸು' ಯೋಜನೆ ಕರ್ನಾಟಕದ ಸರ್ಕಾರಿ ಶಾಲೆಯ ಮಾಸ್ತರರವರೆಗೂ ಬಂದಿತು. ದೆಹಲಿಯ ಪಬ್ಲಿಕ್ ಸರ್ವಿಸ್ ಬ್ರಾಡ್‌ಕಾಸ್ಟಿಂಗ್ ಟ್ರಸ್ಟ್ 2000ದಿಂದ ಸಾಕ್ಷ್ಯಚಿತ್ರಗಳಿಗೆ ನೆರವಾಯಿತು. 2015ರಲ್ಲಿ ಬೆಂಗಳೂರಿನಲ್ಲೇ ಸ್ವತಂತ್ರ ಮಾಧ್ಯಮಗಳಿಗಾಗಿ ಐಪಿಎಸ್‌ಎಂಎಫ್ ಎಂಬ ನಿಧಿ ಹುಟ್ಟಿತು. 2022ರ ಸೆಪ್ಟೆಂಬರಿನಲ್ಲಿ ಆದಾಯ ತೆರಿಗೆ ಇಲಾಖೆಯವರು ಅಲ್ಲಿ ಪರಿಶೀಲನೆಗೆ ಬಂದ ಸುದ್ದಿಯೂ ಬಂತು. ವಿದೇಶಿ ದೇಣಿಗೆಯ ಕಾನೂನು 1976ರಿಂದಲೇ ಇದೆ. ನೋಂದಾಯಿತ ಪತ್ರಿಕೆಯ ಸಂಪಾದಕರು, ವರದಿಗಾರರು, ಅಂಕಣಕಾರರು ವಿದೇಶಿ ದೇಣಿಗೆ ಪಡೆಯುವಂತಿಲ್ಲ. 2010ರ ಕಾನೂನು ಈ ನಿರ್ಬಂಧವನ್ನು ಎಲೆಕ್ಟ್ರಾನಿಕ್ ಸುದ್ದಿಗೂ ಹಬ್ಬಿಸಿತು. 2020ರ ತಿದ್ದುಪಡಿಯಂತೆ ಒಂದು ಸಂಸ್ಥೆ ಪಡೆದ ವಿದೇಶಿ ದೇಣಿಗೆಯನ್ನು ಇನ್ನೊಬ್ಬರಿಗೆ ದಾಟಿಸುವಂತಿಲ್ಲ. ದೊಡ್ಡ ನಿಧಿಯಿಂದ ಸಣ್ಣ ಸಂಸ್ಥೆಗೆ, ಅಲ್ಲಿಂದ ಹಳ್ಳಿಯ ಚಿತ್ರಕಾರನಿಗೆ ಎಂದಿದ್ದ ಕಾಲುವೆ ಅಲ್ಲಿಗೆ ಕಟ್ಟಿತು. 1948ರಲ್ಲಿ ಹುಟ್ಟಿದ ಫಿಲ್ಮ್ಸ್ ಡಿವಿಷನ್ ಕೂಡ ಈಗ ಎನ್‌ಎಫ್‌ಡಿಸಿಯೊಳಗೆ ವಿಲೀನವಾಗಿದೆ. ಹೊರಗಿನ ಹಣಕ್ಕೆ ಲೆಕ್ಕ ಕೇಳುವುದು ಸರಿಯೇ. ಆದರೆ ಹೊರಗಿನ ಬಾಗಿಲು ಮುಚ್ಚಿದಷ್ಟು ಚುರುಕಾಗಿ ಒಳಗಿನ ಬಾಗಿಲು ತೆರೆದಿಲ್ಲ.

ಶಿಗ್ಗಾಂವದಿಂದ ನೋಡಿದರೆ

ಶಿಗ್ಗಾಂವದ ಹತ್ತಿರ ಹೆದ್ದಾರಿಯ ಪಕ್ಕ ಗೊಟಗೋಡಿಯಲ್ಲಿ 2011ರಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಬಂತು. ಹಾಡು, ಕುಣಿತ, ಕಸುಬುಗಳ ದಾಖಲೆ ಅದರ ಮೂಲ ಉದ್ದೇಶಗಳಲ್ಲೊಂದು. ಅಂದರೆ ದಾಖಲಿಸಬೇಕಾದದ್ದು ಇಲ್ಲಿದೆ, ಕಲಿಸುವ ಜಾಗವೂ ಇಲ್ಲಿದೆ, ಕೈಯಲ್ಲಿ ಕ್ಯಾಮೆರಾ ಇರುವ ಹುಡುಗ-ಹುಡುಗಿಯರೂ ಇದ್ದಾರೆ. ಕೊರತೆ ಎಲ್ಲಿದೆ?

ನನ್ನ ಗೆಳೆಯನೊಬ್ಬ ಗೀಗೀ ಪದದ ಹಳೆಯ ಮೇಳವೊಂದರ ಹಿಂದೆ ಎರಡು ವರ್ಷದಿಂದ ಬಿದ್ದಿದ್ದಾನೆ. ಎಲ್ಲ ಮೊಬೈಲಿನಲ್ಲೇ ಚಿತ್ರೀಕರಣ. ಹೋದ ವರ್ಷ ಒಂದು ಸಾಕ್ಷ್ಯಚಿತ್ರ ಅನುದಾನಕ್ಕೆ ಅರ್ಜಿ ಹಾಕೋಣವೆಂದು ಇಬ್ಬರೂ ಕೂತೆವು. ಅರ್ಜಿ ಇಂಗ್ಲಿಷಿನಲ್ಲಿ ಮಾತ್ರ. ಲಾಗ್‌ಲೈನ್, ಸಿನಾಪ್ಸಿಸ್, ಟ್ರೀಟ್‌ಮೆಂಟ್, ಹಿಂದಿನ ಚಿತ್ರಗಳ ಕೊಂಡಿ, ಎರಡು ಶಿಫಾರಸು ಪತ್ರ. 'ಟ್ರೀಟ್‌ಮೆಂಟ್ ಅಂದ್ರ ದವಾಖಾನಿ ಮಾತಲ್ಲೇನ್ಲೇ?' ಎಂದು ಅವನು ನಕ್ಕ. ನಾನೂ ನಕ್ಕೆ. ಆದರೆ ಮೂರನೆಯ ದಿನ ಅವನು ಹೇಳಿದ ಮಾತಿಗೆ ನಗು ಬರಲಿಲ್ಲ: 'ಅಜ್ಜಗ ಎಂಬತ್ತಾತು. ಈ ಫಾರ್ಮ್ ತುಂಬೋದ್ರಾಗ ಅವ ಹಾಡೋದು ಬಿಡ್ತಾನ.' ಅರ್ಜಿ ಅರ್ಧಕ್ಕೆ ನಿಂತಿತು, ಚಿತ್ರೀಕರಣ ನಿಲ್ಲಲಿಲ್ಲ. ಅವನ ಚಿತ್ರಕ್ಕೆ ಈಗ ಆಗುತ್ತಿರುವ ಖರ್ಚು ಅವನು ಮದುವೆ ವಿಡಿಯೊ ಮಾಡಿ ಗಳಿಸುವ ದುಡ್ಡು.

ನನ್ನ ಸ್ಥಿತಿ ಅವನಿಗಿಂತ ಉತ್ತಮ. ಶಿಷ್ಯವೇತನ ತಡವಾದರೂ ಬರುತ್ತದೆ. ಒಮ್ಮೆ ಆರು ತಿಂಗಳ ಮೊತ್ತ ಒಟ್ಟಿಗೆ ಬಂತು. ಅಷ್ಟರಲ್ಲಿ ಬೀದರಿಗೆ ಹೋಗಿ ನೋಡಬೇಕೆಂದಿದ್ದ ಖಾಸಗಿ ಸಂಗ್ರಹವೊಂದು ರದ್ದಿಗೆ ಹೋಗಿತ್ತು. ತಡವಾಗಿ ಬಂದ ಹಣ ಬಾರದ ಹಣವಲ್ಲ, ಆದರೆ ಅದು ಕೊಳ್ಳಬೇಕಿದ್ದ ಸಮಯ ಮಾತ್ರ ಮರಳಿ ಬರುವುದಿಲ್ಲ. ಕೇಂದ್ರ ಸಂಸ್ಕೃತಿ ಸಚಿವಾಲಯದ ಜೂನಿಯರ್ ಫೆಲೋಶಿಪ್ ತಿಂಗಳಿಗೆ 10,000 ರೂಪಾಯಿ, ಸೀನಿಯರ್ ಫೆಲೋಶಿಪ್ 20,000, ಎರಡು ವರ್ಷದ ಅವಧಿ. ದೊಡ್ಡ ಮೊತ್ತವೇನಲ್ಲ. ಆದರೂ ಹೊತ್ತಿಗೆ ಸರಿಯಾಗಿ ಸಿಕ್ಕರೆ ಶಿಗ್ಗಾಂವದಂಥ ಊರಿನಲ್ಲಿ ಅಷ್ಟರಲ್ಲೇ ಬಹಳ ಕೆಲಸ ಆಗುತ್ತದೆ.

ಇನ್ನೊಂದು ಮಾತು. ಈ ಭಾಗದ ಭಾಷೆಯ ಚಿತ್ರಗಳಿಗೆ ಜಗತ್ತಿನಲ್ಲಿ ಬೆಲೆ ಇಲ್ಲ ಎನ್ನುವಂತಿಲ್ಲ. ಕೊಪ್ಪಳ ಜಿಲ್ಲೆಯ ಹಳ್ಳಿಯೊಂದರಲ್ಲಿ, ಅಲ್ಲಿನ ಜನರನ್ನೇ ಹಾಕಿಕೊಂಡು ಜೈಶಂಕರ್ ಆರ್ಯರ್ ಮಾಡಿದ 'ಶಿವಮ್ಮ ಯರೇಹಂಚಿನಾಳ' 2022ರಲ್ಲಿ ಬೂಸಾನ್ ಚಿತ್ರೋತ್ಸವದ ನ್ಯೂ ಕರೆಂಟ್ಸ್ ಪ್ರಶಸ್ತಿ ಗೆದ್ದಿತು. ಅದರ ಬೆನ್ನಿಗೆ ಒಬ್ಬ ನಿರ್ಮಾಪಕರಿದ್ದರು. ಎಲ್ಲರಿಗೂ ನಿರ್ಮಾಪಕರು ಸಿಗುವುದಿಲ್ಲ. ಸಿಗಬೇಕೆಂದೂ ಇಲ್ಲ, ಅದಕ್ಕಾಗಿಯೇ ಅನುದಾನ ಇರುವುದು.

ಈ ಇತಿಹಾಸ ಓದಿದ ಮೇಲೆ ನನಗೆ ಬೇಕೆನಿಸುವ ನಿಧಿ ದೊಡ್ಡದೇನಲ್ಲ. ಅರ್ಜಿ ಕನ್ನಡದಲ್ಲಿರಲಿ, ಬರೆಯಲಾರದವರು ಧ್ವನಿಯಲ್ಲಿ ಹೇಳಿ ಕಳಿಸುವಂತಿರಲಿ. ಮೊತ್ತ ಸಣ್ಣದಾದರೂ ಅರ್ಧವನ್ನು ಮೊದಲೇ ಕೊಡಲಿ. ಆಯ್ಕೆ ಮಾಡುವವರಲ್ಲಿ ಒಬ್ಬರಾದರೂ ಆ ಜಿಲ್ಲೆಯವರಿರಲಿ. ಒಂದು ಪಾಲು ಹಂಚಿಕೆಗೆ ಮೀಸಲಿರಲಿ. ಅತ್ತಿಮಬ್ಬೆಯ ಹೆಸರಿನ ಪ್ರಶಸ್ತಿ ರಾಜ್ಯದಲ್ಲಿ ಈಗಾಗಲೇ ಇದೆ, ಅವಳ ಹಾಗೆ ಸಾವಿರ ಪ್ರತಿ ಮುಟ್ಟಿಸುವ ಒಂದು ಯೋಜನೆಯೂ ಇರಲಿ. ಲೆಕ್ಕಪತ್ರ ಕೇಳಲಿ, ಕಟ್ಟುನಿಟ್ಟಾಗಿಯೇ ಕೇಳಲಿ. ಕಥೆಯೊಳಗೆ ಮಾತ್ರ ಕೈ ಹಾಕದಿರಲಿ. ಸರ್ಕಾರ, ವಿಶ್ವವಿದ್ಯಾಲಯ, ಬೀಜದ ಕಂಪನಿಗಳಿಂದ ಲಾಭ ಕಂಡ ಊರಿನ ವ್ಯಾಪಾರಿಗಳು, ಹೊರದೇಶದಲ್ಲಿರುವ ನಮ್ಮ ಜಿಲ್ಲೆಯವರು, ಯಾರು ಕೊಟ್ಟರೂ ಈ ಒಂದು ಷರತ್ತು ಸಾಕು. ಸಾವಿರ ವರ್ಷದ ಹಿಂದೆ ಅದನ್ನು ಒಂದೇ ಮಾತಿನಲ್ಲಿ ಕಲ್ಲಿನ ಮೇಲೆ ಬರೆಸುತ್ತಿದ್ದರು. ಈಗ ಒಪ್ಪಂದ ಪತ್ರದಲ್ಲಿ ಒಂದು ಸಾಲಾಗಿ ಸೇರಿಸಿದರೂ ನಡೆದೀತು.